ಗೊತ್ತಿದ್ದೂ ಬಚ್ಚಿಟ್ಟವರ ಚರಿತ್ರೆ

ಏಪ್ರಿಲ್ ಬಿಸಿಲಲ್ಲಿ ರಸ್ತೆ ಗುಡಿಸೋರು, ಮ್ಯಾನ್‌ಹೋಲ್‌ಗೆ ಇಳಿಯೋರು, ಗದ್ದೆ ಕೂಲಿಗೆ ಹೋಗೋರು ಯಾವ ಕೇರಿಯವರು ಅಂತ ಬಿಡಿಸಿ ಹೇಳಬೇಕಿಲ್ಲ. ಈ ಬಿಸಿಲು ಏರುತ್ತೆ ಅಂತ ಮೊದಲೇ ಗೊತ್ತಿದ್ದವರ ಕತೆ ಇದು.

1977ರ ಜುಲೈ. ಅಮೆರಿಕದ ತೈಲ ಕಂಪನಿ ಎಕ್ಸಾನ್‌ನ ವಿಜ್ಞಾನಿ ಜೇಮ್ಸ್ ಬ್ಲ್ಯಾಕ್ ಕಂಪನಿಯ ಆಡಳಿತ ಸಮಿತಿ ಮುಂದೆ ನಿಂತರು. ಮನುಷ್ಯ ಹವಾಮಾನ ಬದಲಿಸುತ್ತಿದ್ದರೆ ಅದು ಬಹುಮಟ್ಟಿಗೆ ಕಲ್ಲಿದ್ದಲು, ಎಣ್ಣೆ ಸುಟ್ಟ ಹೊಗೆಯಿಂದಲೇ ಎಂದರು. ಕಂಪನಿ ತಮಾಷೆ ಮಾಡಲಿಲ್ಲ. ತೈಲ ಹಡಗಿಗೆ ಉಪಕರಣ ಕಟ್ಟಿ ಇಂಗಾಲದ ಡೈಆಕ್ಸೈಡ್ ಅಳೆಸಿತು.

1988ರಲ್ಲಿ ನಾಸಾ ವಿಜ್ಞಾನಿ ಜೇಮ್ಸ್ ಹ್ಯಾನ್ಸನ್ ಸೆನೆಟ್ ಮುಂದೆ ಬಹಿರಂಗವಾಗಿ ಸಾಕ್ಷಿ ನುಡಿದರು. ಮಾರನೇ ವರ್ಷವೇ ‘ಗ್ಲೋಬಲ್ ಕ್ಲೈಮೇಟ್ ಕೊಯಲಿಷನ್’ ಹುಟ್ಟಿತು. ಹೆಸರು ಕೇಳಿದ್ರೆ ಪರಿಸರ ಸಂಘ ಅನ್ಸುತ್ತೆ. ಒಳಗಿದ್ದದ್ದು ಎಣ್ಣೆ, ಕಲ್ಲಿದ್ದಲು, ಕಾರು ಕಂಪನಿಗಳು. ಕೆಲಸ? ಅನುಮಾನ ಬಿತ್ತೋದು.

1995ರಲ್ಲಿ ಆ ಕೂಟದ ಸ್ವಂತ ತಜ್ಞರೇ, ಹಸಿರುಮನೆ ಅನಿಲಗಳ ವಿಜ್ಞಾನವನ್ನು ಅಲ್ಲಗಳೆಯಲಾಗದು ಅಂತ ಬರೆದುಕೊಟ್ಟಿದ್ದರು. ಆ ಕಾಗದ ಜನರ ಕಣ್ಣಿಗೆ ಬಿದ್ದದ್ದು 2009ರಲ್ಲಿ, ಒಂದು ಕೋರ್ಟ್ ಕೇಸಿನಿಂದ! ಅಷ್ಟರಲ್ಲಿ ಆಗಬೇಕಾದ್ದು ಆಗಿಹೋಗಿತ್ತು. ಭಾರತ, ಚೀನಾಗಳಿಗೆ ಮಿತಿ ಇಲ್ಲ ಅನ್ನೋದನ್ನೇ ನೆಪ ಮಾಡಿಕೊಂಡು ಕೂಟ ಪ್ರಚಾರ ನಡೆಸಿತು. 1997ರಲ್ಲಿ ಸೆನೆಟ್ ಅಂಥ ಒಪ್ಪಂದ ಬೇಡವೆಂದು 95–0 ಮತದಿಂದ ನಿರ್ಣಯಿಸಿತು. 2001ರಲ್ಲಿ ಬುಷ್ ಕ್ಯೋಟೊ ಒಪ್ಪಂದವನ್ನು ತಿರಸ್ಕರಿಸಿದರು. 2002ರಲ್ಲಿ ಕೂಟ ಬಾಗಿಲು ಹಾಕ್ಕೊಂಡು ಹೋಯಿತು.

ಕಾನೂನು ಇರಲಿಲ್ವಾ? ಇತ್ತು. 1995ರ ಲಾಬಿ ಬಹಿರಂಗ ಕಾಯ್ದೆ. ಲಾಬಿಗಾರರು ನೋಂದಾಯಿಸಿ ಲೆಕ್ಕ ಕೊಡಬೇಕು. ಆದ್ರೆ ಜನರ ಮನಸ್ಸು ತಿರುಗಿಸೋ ಜಾಹೀರಾತಿನ ಖರ್ಚು ಅದರ ಆಚೆಗೇ ಉಳೀತು. ಸಂಘದ ಹೆಸರಲ್ಲಿ ಯಾವ ಕಂಪನಿ ಎಷ್ಟು ಸುರಿಯಿತು ಅನ್ನೋದೂ ಮುಚ್ಚಿಯೇ ಇತ್ತು.

ನಗಬೇಡಿ, ನಮ್ಮಲ್ಲೂ ಇದೇ. 2017ರಲ್ಲಿ ಪಕ್ಷಗಳಿಗೆ ಕಂಪನಿ ದೇಣಿಗೆಯ ಶೇ. 7.5ರ ಮಿತಿ ತೆಗೆದ್ರು, ಚುನಾವಣಾ ಬಾಂಡ್ ತಂದ್ರು. ಯಾರು ಯಾರಿಗೆ ಕೊಟ್ರು ಅಂತ ಮತದಾರನಿಗೆ ತಿಳಿಯೋ ಹಾಗಿರಲಿಲ್ಲ. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟ್, ಇದು ಮತದಾರರ ಮಾಹಿತಿ ಹಕ್ಕಿಗೆ ವಿರುದ್ಧ ಅಂತ ರದ್ದು ಮಾಡಬೇಕಾಯ್ತು.

ತಿಳಿದದ್ದನ್ನು ತಮ್ಮೊಳಗೇ ಬಚ್ಚಿಟ್ಟು, ಅದರ ಬೆಲೆಯನ್ನು ತಿಳಿಯದವರ ತಲೆಗೆ ಕಟ್ಟೋದು. ಈ ವಿದ್ಯೆ ನಮಗೆ ಹೊಸದಲ್ಲ. ಅಕ್ಷರವನ್ನೇ ಮುಟ್ಟಗೊಡದವರ ನಾಡಿನಲ್ಲಿ ಹುಟ್ಟಿದವರು ನಾವು. ಅದಕ್ಕೇ ಹವಾಮಾನದ ಹೋರಾಟ ಗಿಡ ನೆಡೋದ್ರಲ್ಲಿ ಮುಗಿಯಲ್ಲ. ಲೆಕ್ಕದ ಪುಸ್ತಕ ತೆರೆಸೋದೂ ಆ ಹೋರಾಟವೇ.

ಕಡತ ಕೇಳೋಣ. ಜೈ ಭೀಮ್.