ಹೂ ಬಿಡುವುದನ್ನೇ ಮರೆತ ಬಳ್ಳಿ

ಭತ್ತ, ಕಬ್ಬಿನ ಗದ್ದೆಗಳ ನಡುವಿರುವ ದಾವಣಗೆರೆ ತಾಲ್ಲೂಕಿನ ಕುಕ್ಕುವಾಡದಂಥ ಊರಿನಲ್ಲಿ ಗಿಡವನ್ನು ಕೋಣೆಯೊಳಗಿಟ್ಟು ಸಾಕುತ್ತೇನೆಂದರೆ ಹಿರಿಯರು ನಕ್ಕಾರು. ಗಿಡದ ಜಾಗ ಹಿತ್ತಿಲು, ತುಳಸಿಯದು ಅಂಗಳದ ಕಟ್ಟೆ. ಹೊಸಿಲ ತನಕ ಬಂದದ್ದು ಲೋಳೆಸರ ಮಾತ್ರ. ಅದೂ ದೃಷ್ಟಿ ತಾಗದಿರಲೆಂದು ಬಾಗಿಲ ಮೇಲೆ ತಲೆಕೆಳಗಾಗಿ!

ದಾವಣಗೆರೆಯಲ್ಲಿ 1951ರಲ್ಲಿ ಎಂಜಿನಿಯರಿಂಗ್ ಕಾಲೇಜು, 1965ರಲ್ಲಿ ವೈದ್ಯಕೀಯ ಕಾಲೇಜು ಬಂದವು. ಹತ್ತಿ ಗಿರಣಿಗಳ ಊರು ಕ್ರಮೇಣ ಹಾಸ್ಟೆಲುಗಳ ಊರಾಯಿತು. ಸುತ್ತಲಿನ ಹಳ್ಳಿಗಳಿಂದ ಓದಲು ಬಂದವರಿಗೆ ಇಲ್ಲಿ ಹಿತ್ತಿಲೂ ಇಲ್ಲ, ಅಂಗಳವೂ ಇಲ್ಲ. ಇರುವುದೊಂದು ಕಿಟಕಿ. ಅಲ್ಲಿ ಖಾಲಿ ಬಾಟಲಿಯೊಳಗೆ ಒಂದು ಗೇಣು ಮನಿಪ್ಲಾಂಟ್.

ಕದ್ದು ತಂದರೆ ದುಡ್ಡು ಬರುತ್ತದೆಂಬ ನಂಬಿಕೆ ಇರುವ ಈ ಬಳ್ಳಿಯ ತವರು, ಪೆಸಿಫಿಕ್ ಸಾಗರದಲ್ಲಿ ತಾಹಿತಿಯ ಪಕ್ಕದ ಮೂರಿಯಾ ಎಂಬ ಪುಟ್ಟ ದ್ವೀಪ. 1880ರಲ್ಲಿ ಯುರೋಪಿನ ಸಸ್ಯಶಾಸ್ತ್ರಜ್ಞರು ಇದಕ್ಕೆ ಮೊದಲ ಹೆಸರಿಟ್ಟರು. ಗಿಡವನ್ನು ಗುರುತಿಸುವುದು ಹೂವಿನಿಂದ. ಇದೋ ಹೂವನ್ನೇ ಬಿಡದು. ಹಾಗಾಗಿ ಒಂದು ಕುಲದಿಂದ ಇನ್ನೊಂದಕ್ಕೆ ಅಲೆದು, 1964ರಲ್ಲಷ್ಟೇ ‘ಎಪಿಪ್ರೆಮ್ನಮ್ ಆರಿಯಮ್’ ಎಂಬ ಈಗಿನ ಹೆಸರಿಗೆ ಬಂದು ನಿಂತಿತು. ಅಲ್ಲಿಂದೀಚೆಗೆ ಇದು ತಾನಾಗಿ ಹೂ ಬಿಟ್ಟ ವರದಿಯಿಲ್ಲ. ಕಾರಣ 2016ರಲ್ಲಿ ತಿಳಿಯಿತು: ಹೂ ಬಿಡಲು ಬೇಕಾದ ಜಿಬ್ಬರೆಲಿನ್ ಎಂಬ ಹಾರ್ಮೋನು ತಯಾರಿಸುವ ಜೀನ್ ಈ ಬಳ್ಳಿಯಲ್ಲಿ ಕೆಲಸ ಮಾಡುತ್ತಿಲ್ಲ.

ಹೂವಿಲ್ಲದ ಮೇಲೆ ಬೀಜವೂ ಇಲ್ಲ. ಲೋಕದ ತುಂಬ ಇದನ್ನು ಹರಡಿದ್ದು ಮನುಷ್ಯನ ಕೈಯೇ. ಗಿಣ್ಣಿನ ಕೆಳಗೆ ಕತ್ತರಿಸಿ ನೀರಿಗಿಟ್ಟರೆ ಬೇರು ಬರುತ್ತದೆ; ರೂಮಿನಿಂದ ರೂಮಿಗೆ, ಸೀನಿಯರಿನಿಂದ ಜೂನಿಯರಿಗೆ ದಾಟುತ್ತದೆ. ಕಾಡಿನಲ್ಲಿ ಮರ ಹತ್ತಿ ಮೊರದಗಲದ ಎಲೆ ಬಿಡುವ ಬಳ್ಳಿ, ಬಾಟಲಿಯಲ್ಲಿ ಅಂಗೈಯಗಲಕ್ಕೇ ತೃಪ್ತಿಪಡುತ್ತದೆ. ಪಾಪ, ಅದಕ್ಕೆ ಬೇರೆ ದಾರಿಯೇನಿದೆ!

ಬೇಸಿಗೆ ರಜೆಗೆ ಬೀಗ ಹಾಕಿ ಹೋಗುವವರಿಗೆ ಮಾತ್ರ ಲೋಳೆಸರವೇ ಮೇಲು. ಅದು ಎಲೆಯಲ್ಲೇ ನೀರು ಕೂಡಿಟ್ಟುಕೊಂಡು, ಎಲೆಯ ರಂಧ್ರಗಳನ್ನು ಹಗಲು ಮುಚ್ಚಿ ರಾತ್ರಿ ತೆರೆಯುತ್ತದೆ. ಬಾಗಿಲಿಗೆ ತೂಗಿದರೂ ತಿಂಗಳುಗಟ್ಟಲೆ ಹಸಿರಾಗಿರುವ ಗುಟ್ಟು ಇದೇ. ಆಫ್ರಿಕಾ ಮೂಲದ, ಕತ್ತಿಯಂತೆ ನೆಟ್ಟಗೆ ನಿಲ್ಲುವ ಎಲೆಗಳ ಸ್ನೇಕ್‌ಪ್ಲಾಂಟ್ ಕೂಡ ಇದೇ ಜಾಯಮಾನದ್ದು.

ಈಗ ನರ್ಸರಿಗಳಲ್ಲಿ ಈ ಗಿಡಗಳನ್ನು ‘ಗಾಳಿ ಶುದ್ಧ ಮಾಡುತ್ತವೆ’ ಎಂದು ಮಾರುವುದುಂಟು. ಈ ಮಾತಿನ ಬೇರು ಅಮೆರಿಕದ ನಾಸಾ 1989ರಲ್ಲಿ ನಡೆಸಿದ ಪ್ರಯೋಗ. ಅದು ನಡೆದದ್ದು ಗಾಳಿಯಾಡದ ಪುಟ್ಟ ಪೆಟ್ಟಿಗೆಗಳಲ್ಲಿ. ಇಂಥ ಹಲವು ಪ್ರಯೋಗಗಳನ್ನು 2019ರಲ್ಲಿ ಮರುಪರಿಶೀಲಿಸಿದವರ ಲೆಕ್ಕವೇ ಬೇರೆ: ಕಟ್ಟಡದಲ್ಲಿ ಸಹಜವಾಗಿ ಆಡುವ ಗಾಳಿ ಮಾಡುವಷ್ಟು ಕೆಲಸಕ್ಕೆ ಚದರ ಮೀಟರಿಗೆ 10ರಿಂದ 1000 ಗಿಡ ಬೇಕು. ಮೂವರು ಮಲಗುವ ಕೋಣೆಯಲ್ಲಿ ಗಿಡ ನೆಚ್ಚಿ ಕಿಟಕಿ ಮುಚ್ಚಿದರೆ ಕೆಟ್ಟರು.

ಅಪಾಯ ಇನ್ನೊಂದಿದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡಲು ಹುಡುಕುವುದೇ ಇಂಥ ನಿಂತ ನೀರು. ಮೊಟ್ಟೆ ಸೊಳ್ಳೆಯಾಗಿ ಹಾರಲು ಸುಮಾರು ಎಂಟು-ಹತ್ತು ದಿನ ಸಾಕು. ವಾರಕ್ಕೊಮ್ಮೆ ಬಾಟಲಿಯ ನೀರು ಚೆಲ್ಲಿ, ಒಳಗೋಡೆಗೆ ಅಂಟಿದ ಮೊಟ್ಟೆ ಹೋಗುವಂತೆ ಉಜ್ಜಿ ತೊಳೆದು, ಹೊಸ ನೀರು ತುಂಬಬೇಕು. ಆರೈಕೆ ಬೇಡದ ಬಳ್ಳಿ ಕೇಳುವ ಆರೈಕೆ ಇಷ್ಟೇ.