ಕಪ್ಪು ಎಲ್ಫ್‌ಗಳು ಕೆಟ್ಟವರಾಗಿದ್ದು ಯಾವಾಗ?

ಇವತ್ತು ಒಂದು ಗೇಮ್‌ನಿಂದ ಶುರು ಮಾಡೋಣ.

2018ರ 'ಗಾಡ್ ಆಫ್ ವಾರ್' ಆಡಿದವರಿಗೆ ಇದು ನೆನಪಿರತ್ತೆ. ಕ್ರೇಟೋಸ್ ಮತ್ತು ಅವನ ಮಗ ಅಟ್ರಿಯಸ್ ಆಲ್ಫ್‌ಹೈಮ್ ಅನ್ನೋ ಲೋಕಕ್ಕೆ ಹೋಗ್ತಾರೆ. ಅಲ್ಲಿ ಬೆಳಕಿನ ಎಲ್ಫ್‌ಗಳಿಗೂ ಕತ್ತಲೆಯ ಎಲ್ಫ್‌ಗಳಿಗೂ ಯುದ್ಧ ನಡೀತಿದೆ. ಅಪ್ಪ-ಮಗನಿಗೆ ಆ ಜಗಳದಲ್ಲಿ ಆಸಕ್ತಿ ಇಲ್ಲ, ತಮ್ಮ ಕೆಲಸ ಆದ್ರೆ ಸಾಕು. ಆದ್ರೂ ದಾರಿಗೆ ಅಡ್ಡ ಬಂದ ಕತ್ತಲೆಯ ಎಲ್ಫ್‌ಗಳನ್ನ ಸಾಲು ಸಾಲಾಗಿ ಕೊಲ್ತಾರೆ. ಕೊನೆಗೆ ಅವರ ರಾಜ ಸಾಯೋ ಹೊತ್ತಲ್ಲಿ, ನೀವು ತಪ್ಪು ಮಾಡಿದ್ರಿ ಅನ್ನೋ ಅರ್ಥದಲ್ಲಿ ಒಂದು ಮಾತು ಹೇಳಿ ಕಣ್ಣು ಮುಚ್ತಾನೆ.

ಅವರು ಕೆಟ್ಟವರು ಅಂತ ನಾವು ಅಷ್ಟು ಬೇಗ ಒಪ್ಪಿಕೊಂಡಿದ್ದು ಹೇಗೆ? ಈ ಪ್ರಶ್ನೆ ಹಿಡ್ಕೊಂಡು ಹಿಂದೆ ಹೋದ್ರೆ ನಾವು ಸಿಗೋದು 800 ವರ್ಷ ಹಿಂದಿನ ಐಸ್‌ಲ್ಯಾಂಡ್‌ನಲ್ಲಿ.

ಅಲ್ಲಿ ಸ್ನೋರಿ ಸ್ಟರ್ಲುಸನ್ ಅಂತ ಒಬ್ಬ ಇದ್ದ. ಕವಿ, ಭೂಮಾಲೀಕ, ರಾಜಕಾರಣಿ, ಎಲ್ಲಾ ಒಬ್ಬನೇ. 1241ರಲ್ಲಿ ನಾರ್ವೆ ರಾಜನ ಕಡೆಯವರು ಅವನ ಮನೆಗೇ ನುಗ್ಗಿ, ನೆಲಮಾಳಿಗೆಯಲ್ಲಿ ಅವನನ್ನ ಕೊಂದ್ರು. ಅದಕ್ಕೂ ಸುಮಾರು 20 ವರ್ಷ ಮುಂಚೆ ಅವನು 'ಎಡ್ಡಾ' ಅನ್ನೋ ಪುಸ್ತಕ ಬರೆದಿದ್ದ. ಓಡಿನ್, ಥಾರ್, ಲೋಕಿ ಕತೆಗಳು ಇವತ್ತು ನಮಗೆ ಇಷ್ಟು ವಿವರವಾಗಿ ಗೊತ್ತಿರೋದಕ್ಕೆ ಆ ಪುಸ್ತಕ ದೊಡ್ಡ ಕಾರಣ.

ಅದರಲ್ಲಿ ಒಂದು ಕಡೆ ಸ್ನೋರಿ ಎಲ್ಫ್‌ಗಳನ್ನ ಎರಡು ಗುಂಪು ಮಾಡ್ತಾನೆ. ಬೆಳಕಿನ ಎಲ್ಫ್‌ಗಳು ಆಲ್ಫ್‌ಹೈಮ್‌ನಲ್ಲಿ ಇರ್ತಾರೆ, ನೋಡೋಕೆ ಸೂರ್ಯನಿಗಿಂತ ಚೆಂದ. ಕತ್ತಲೆಯ ಎಲ್ಫ್‌ಗಳು ನೆಲದೊಳಗೆ ಇರ್ತಾರೆ, ಡಾಂಬರಿಗಿಂತ ಕಪ್ಪು. ಇಬ್ಬರೂ ರೂಪದಲ್ಲಿ ಬೇರೆ, ನಡವಳಿಕೆಯಲ್ಲಿ ಇನ್ನೂ ಬೇರೆ ಅಂತಾನೆ. ಅಷ್ಟೇ. 'ಕೆಟ್ಟವರು' ಅನ್ನೋ ಪದ ಅಲ್ಲಿಲ್ಲ. ಮುಂದಿನ 800 ವರ್ಷದ ಡಾರ್ಕ್ ಎಲ್ಫ್ ಸಾಮ್ರಾಜ್ಯ ಎದ್ದು ನಿಂತಿರೋದು ಈ ನಾಲ್ಕು ಸಾಲಿನ ಮೇಲೆ.

ತಮಾಷೆ ಇರೋದು ಮುಂದೆ. ಅದೇ ಪುಸ್ತಕದಲ್ಲಿ ಸ್ನೋರಿ 'ಕಪ್ಪು ಎಲ್ಫ್‌ಗಳು' ಅನ್ನೋ ಇನ್ನೊಂದು ಹೆಸರು ಬಳಸ್ತಾನೆ, ಅವರ ಲೋಕಕ್ಕೆ ಸ್ವಾರ್ಟಾಲ್ಫ್‌ಹೈಮ್ ಅಂತಾನೆ. ಆದ್ರೆ ಅಲ್ಲಿಗೆ ಹೋದವರಿಗೆ ಸಿಗೋದು ಡ್ವಾರ್ಫ್‌ಗಳು, ಅಂದ್ರೆ ನೆಲದೊಳಗೆ ಬದುಕೋ ಕಮ್ಮಾರರು! ಲೋಕಿ ಒಂದು ದಿನ ತುಂಟತನಕ್ಕೆ ಥಾರ್‌ನ ಹೆಂಡತಿ ಸಿಫ್‌ಳ ಕೂದಲು ಕತ್ತರಿಸಿಬಿಡ್ತಾನೆ. ಥಾರ್ ಮೂಳೆ ಮುರಿಯೋಕೆ ಬಂದಾಗ, ಚಿನ್ನದ ಕೂದಲು ಮಾಡಿಸಿಕೊಡ್ತೀನಿ ಅಂತ ಒಪ್ಪಿಕೊಂಡು ಇವಾಲ್ಡಿಯ ಮಕ್ಕಳ ಹತ್ತಿರ ಓಡ್ತಾನೆ. ಅವರು ಕೂದಲಿನ ಜೊತೆಗೆ ಓಡಿನ್‌ಗೆ ಈಟಿ, ಫ್ರೇಗೆ ಒಂದು ಹಡಗು ಕೂಡ ಮಾಡಿಕೊಡ್ತಾರೆ. ಈ ಇವಾಲ್ಡಿಯ ಮಕ್ಕಳು ಒಂದು ಪುಟದಲ್ಲಿ ಕಪ್ಪು ಎಲ್ಫ್‌ಗಳು, ಇನ್ನೊಂದು ಪುಟದಲ್ಲಿ ಡ್ವಾರ್ಫ್‌ಗಳು. ಹಾಗಾಗಿ, ಈ ಎರಡೂ ಒಂದೇ ಜನ ಇರಬೇಕು ಅಂತ ಅನೇಕ ವಿದ್ವಾಂಸರು ಹೇಳ್ತಾರೆ. ನನಗೂ ಅದೇ ಸರಿ ಅನಿಸತ್ತೆ. ಕುಲುಮೆ ಮುಂದೆ ಕೂತವನ ಮೈ ಕಪ್ಪಾಗಿರೋದ್ರಲ್ಲಿ ಆಶ್ಚರ್ಯ ಏನಿದೆ?

ಹಾಗಾದ್ರೆ ಬೆಳಕು-ಕತ್ತಲೆ ಅನ್ನೋ ಈ ಭಾಗ ಎಲ್ಲಿಂದ ಬಂತು? ಸ್ನೋರಿ ಕ್ರೈಸ್ತ. ಐಸ್‌ಲ್ಯಾಂಡ್ ಸುಮಾರು 1000ನೇ ಇಸವಿಯಲ್ಲೇ ಆ ಧರ್ಮಕ್ಕೆ ಬಂದಿತ್ತು. ಮೇಲೆ ಹೊಳೆಯೋ ದೇವದೂತರು, ಕೆಳಗೆ ಕಪ್ಪು ಪಿಶಾಚಿಗಳು, ಈ ಚಿತ್ರ ಅವನ ತಲೆಯಲ್ಲಿ ಮೊದಲೇ ಇತ್ತು. ಆ ಅಚ್ಚಿಗೇ ಹಳೇ ಎಲ್ಫ್‌ಗಳನ್ನ ಸುರಿದ ಅನ್ನೋ ಅನುಮಾನ ಬಲವಾಗಿದೆ. ಯಾಕಂದ್ರೆ ಅವನಿಗಿಂತ ಹಳೇ ಕಾವ್ಯಗಳಲ್ಲಿ ಎಲ್ಫ್‌ಗಳು ಬರ್ತಾರೆ, ದೇವತೆಗಳ ಪಕ್ಕದಲ್ಲೇ ನಿಲ್ತಾರೆ, ಆದ್ರೆ ಈ ಎರಡು ಗುಂಪು ಮಾತ್ರ ಕಾಣಲ್ಲ.

ಇಂಗ್ಲೆಂಡ್ ಕಡೆ ನೋಡಿದ್ರೆ ಇನ್ನೂ ಗೋಜಲು. 'ಆಲ್ಫ್ರೆಡ್' ಅನ್ನೋ ಹೆಸರಿನ ಅರ್ಥವೇ ಎಲ್ಫ್‌ನ ಸಲಹೆ. ಒಬ್ಬ ರಾಜನಿಗೆ ಆ ಹೆಸರಿಟ್ಟಿದ್ರು ಅಂದ್ರೆ ಎಲ್ಫ್ ಬೈಗುಳ ಆಗಿರಲಿಲ್ಲ ಅಂತ ತಾನೆ? ಅದೇ ಕಾಲದ ವೈದ್ಯ ಪುಸ್ತಕಗಳಲ್ಲಿ ಮಾತ್ರ ಎಲ್ಫ್‌ಗಳಿಂದ ಬರೋ ಕಾಯಿಲೆಗೆ ಮದ್ದು ಬರೆದಿದೆ, ಕಾಣದ ಬಾಣ ಹೊಡೆದು ಮೈಯಲ್ಲಿ ಚಳುಕು ತರ್ತಾರೆ ಅನ್ನೋ ನಂಬಿಕೆ ಇದೆ. ಚೆಂದವೂ ಹೌದು, ಅಪಾಯವೂ ಹೌದು. ಒಂದೇ ಜನ, ಎರಡೂ ಗುಣ. (ಕನ್ನಡದಲ್ಲಿ 'ಯಕ್ಷ' ಅನ್ನೋಣ ಅಂತ ಯೋಚಿಸಿದೆ. ಹತ್ತಿರ ಬರತ್ತೆ, ಪೂರ್ತಿ ಕೂರಲ್ಲ. ಎಲ್ಫ್ ಅಂತಲೇ ಇರ್ಲಿ.)

ಇಲ್ಲೀವರೆಗೆ ಇದು ಬರೀ ಕತೆ. ಈಗ ಕತೆಯಿಂದ ಒಂದು ಜೀವ ಹೋದ ಜಾಗಕ್ಕೆ ಹೋಗೋಣ.

ಸ್ಕಾಟ್‌ಲ್ಯಾಂಡ್, 1576. ಬೆಸ್ಸಿ ಡನ್ಲಪ್ ಅನ್ನೋ ಹಳ್ಳಿ ಹೆಂಗಸನ್ನ ಮಾಟಗಾತಿ ಅಂತ ವಿಚಾರಣೆಗೆ ನಿಲ್ಲಿಸಿದ್ರು. ಅವಳು ಅಲ್ಲಿ ಹೇಳಿದ್ದು ದಾಖಲೆಯಲ್ಲಿ ಉಳಿದಿದೆ. ಒಂದು ದಿನ ದನ ಹೊಡ್ಕೊಂಡು ಹೋಗುವಾಗ ಅಳ್ತಾ ಇದ್ದಳಂತೆ. ಹಸು ಸತ್ತಿತ್ತು, ಗಂಡ, ಮಗು ಇಬ್ಬರೂ ಕಾಯಿಲೆ ಬಿದ್ದಿದ್ರು, ಅವಳು ಆಗಷ್ಟೇ ಬಾಣಂತನದಿಂದ ಎದ್ದಿದ್ದಳು. ಆಗ ಟಾಮ್ ರೀಡ್ ಎದುರಾದ. 1547ರ ಪಿಂಕಿ ಯುದ್ಧದಲ್ಲಿ ಸತ್ತು ಹೋಗಿದ್ದ ಮನುಷ್ಯ ಅವನು. ಮಗು ಉಳಿಯಲ್ಲ, ಗಂಡ ಹುಷಾರಾಗ್ತಾನೆ ಅಂದ. ಆಮೇಲೆ ಅವನೇ ಅವಳಿಗೆ ಗಿಡಮೂಲಿಕೆ ಕೊಡೋಕೆ ಶುರು ಮಾಡಿದ, ಅವಳು ಊರವರಿಗೆ ಮದ್ದು ಕೊಡ್ತಿದ್ದಳು. ಒಂದು ಸಲ ಎಂಟು ಹೆಂಗಸರು, ನಾಲ್ಕು ಗಂಡಸರು ಬಂದು ತಮ್ಮ ಜೊತೆ ಬಾ ಅಂತ ಕರೆದ್ರಂತೆ. ಅವರು 'ಎಲ್ಫೇಮ್' ಆಸ್ಥಾನದವರು ಅಂತ ಟಾಮ್ ಹೇಳಿದ. ಗಂಡ, ಮಕ್ಕಳ ಜೊತೆ ಇದೀನಿ, ಅವರನ್ನ ಬಿಟ್ಟು ಬರೋಕಾಗಲ್ಲ ಅಂತ ಇವಳು ಹೋಗಲಿಲ್ಲ.

ಎಲ್ಫೇಮ್ ಅಂದ್ರೆ ಎಲ್ಫ್‌ಗಳ ಮನೆ. ಸ್ನೋರಿಯ 'ಆಲ್ಫ್‌ಹೈಮ್' ಇದೆಯಲ್ಲ, ಸೂರ್ಯನಿಗಿಂತ ಚೆಂದದವರು ಇರೋ ಜಾಗ, ಪದ ಅದೇ. ಅವಳ ಮಾತಿನಲ್ಲಿ ಅವರು ಮರ್ಯಾದಸ್ಥರು, ನೋಡೋಕೆ ಲಕ್ಷಣವಾದವರು. ಕೋರ್ಟಿನ ಕಿವಿಗೆ ಮಾತ್ರ ಬಿದ್ದಿದ್ದು ಒಂದೇ, ಸೈತಾನನ ಸಹವಾಸ. ದಾಖಲೆಯ ಅಂಚಿನಲ್ಲಿ ಎರಡು ಮಾತಿದೆ: ಅಪರಾಧಿ, ಸುಟ್ಟದ್ದಾಯಿತು. ಎಲ್ಫ್‌ಗಳನ್ನ ದೇವರು-ಸೈತಾನ ಅಂತ ಎರಡೇ ಪೆಟ್ಟಿಗೆಗೆ ತುಂಬಿದಾಗ, ಮಧ್ಯದಲ್ಲಿದ್ದವರಿಗೆ ಜಾಗವೇ ಉಳೀಲಿಲ್ಲ. ಬೆಸ್ಸಿಗೂ ಉಳೀಲಿಲ್ಲ.

ಈಗ ನೇರ 1977ಕ್ಕೆ ಹಾರೋಣ. ಆ ವರ್ಷ ಎರಡು ಪುಸ್ತಕ ಬಂದ್ವು, ಎರಡೂ ಸ್ನೋರಿಯ ಒಗಟನ್ನ ಬೇರೆ ಬೇರೆ ಥರ ಬಿಡಿಸಿದ್ವು.

ಒಂದು, ಟೋಲ್ಕಿನ್ ತೀರಿಹೋಗಿ ನಾಲ್ಕು ವರ್ಷ ಆದ್ಮೇಲೆ ಅವರ ಮಗ ಹೊರತಂದ 'ದಿ ಸಿಲ್ಮರಿಲಿಯನ್'. ಟೋಲ್ಕಿನ್ ಆಕ್ಸ್‌ಫರ್ಡ್‌ನಲ್ಲಿ ಹಳೇ ಇಂಗ್ಲಿಷ್ ಪಾಠ ಹೇಳಿದವರು, ಈ ಮೂಲಗಳೆಲ್ಲ ಅವರಿಗೆ ಬಾಯಿಪಾಠ. ಅವರ ಕತೆಯಲ್ಲಿ ಕತ್ತಲೆಯ ಎಲ್ಫ್ ಅಂದ್ರೆ ಎರಡು ದಿವ್ಯ ಮರಗಳ ಬೆಳಕನ್ನ ನೋಡದೇ ಹೋದವರು. ಆ ಪ್ರಯಾಣ ಮುಗಿಸಲಿಲ್ಲ, ಅಷ್ಟೇ. ಮೈಬಣ್ಣಕ್ಕೂ ಅದಕ್ಕೂ ಸಂಬಂಧ ಇಲ್ಲ. ನನ್ನ ಕೇಳಿದ್ರೆ ಇಡೀ ಇತಿಹಾಸದಲ್ಲಿ ಇದಕ್ಕಿಂತ ಜಾಣ ಪರಿಹಾರ ಇನ್ನೊಂದಿಲ್ಲ.

ಇನ್ನೊಂದು, 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಆಟದ 'ಮಾನ್‌ಸ್ಟರ್ ಮ್ಯಾನ್ಯುಯಲ್'. ಗ್ಯಾರಿ ಗೈಗ್ಯಾಕ್ಸ್ ಇದರಲ್ಲಿ 'ಡ್ರೋ' ಅನ್ನೋ ಎಲ್ಫ್‌ಗಳ ಹೆಸರು ತಂದ್ರು, ಮುಂದಿನ ವರ್ಷ ಅವರಿಗೆ ಪೂರ್ತಿ ರೂಪ ಕೊಟ್ರು. ಕಪ್ಪು ಮೈ, ಬಿಳಿ ಕೂದಲು, ಪಾತಾಳದ ಊರು, ಜೇಡ ದೇವತೆ ಲೋಲ್ತ್. ಸೂರ್ಯನೇ ಇಲ್ಲದ ಗುಹೆಯಲ್ಲಿ ಬದುಕೋ ಮೀನುಗಳು ಬಣ್ಣ ಕಳ್ಕೊಂಡು ಬೆಳ್ಳಗಾಗ್ತವೆ, ಇವರು ಮಾತ್ರ ಕಪ್ಪು! ಅದಿರ್ಲಿ, ದೊಡ್ಡ ಬದಲಾವಣೆ ಬೇರೆ ಇದೆ. ಆಟದ ನಿಯಮದಲ್ಲಿ ಇಡೀ ಜನಾಂಗದ ಹೆಸರಿನ ಮುಂದೆ 'ದುಷ್ಟ' ಅಂತ ಅಚ್ಚಾಯ್ತು. ಸ್ನೋರಿ ಬರೀದೇ ಬಿಟ್ಟಿದ್ದ ಪದ ಅದು.

1988ರಲ್ಲಿ ಆರ್. ಎ. ಸಾಲ್ವಟೋರ್ ಒಬ್ಬ ಒಳ್ಳೇ ಡ್ರೋನನ್ನ ಸೃಷ್ಟಿಸಿದ್ರು, ಹೆಸರು ಡ್ರಿಜ್ಟ್. ಜನ ಹುಚ್ಚೆದ್ದು ಓದಿದ್ರು. ಆದ್ರೆ ಗಮನಿಸಿ, ಅವನು ಒಳ್ಳೆಯವನಾಗಿ ಬದುಕೋಕೆ ತನ್ನ ಜನರನ್ನೇ ಬಿಟ್ಟು ಮೇಲೆ ಬರಬೇಕಾಯ್ತು.

2020ರ ಜೂನ್‌ನಲ್ಲಿ, ಅಮೆರಿಕದಲ್ಲಿ ಜನಾಂಗಭೇದದ ವಿರುದ್ಧ ಪ್ರತಿಭಟನೆ ಜೋರಾಗಿದ್ದಾಗ, ಆಟದ ಕಂಪನಿಯೇ ಡ್ರೋ ಮತ್ತು ಓರ್ಕ್‌ಗಳ ಚಿತ್ರಣ ಬದಲಿಸ್ತೀವಿ ಅಂತು. ಅದೇ ತಿಂಗಳು 'ಕಮ್ಯುನಿಟಿ' ಸೀರಿಯಲ್‌ನ ಒಂದು ಎಪಿಸೋಡನ್ನ ನೆಟ್‌ಫ್ಲಿಕ್ಸ್ ತೆಗೆದುಹಾಕ್ತು. ಅದರಲ್ಲಿ ಒಂದು ಪಾತ್ರ ಡಾರ್ಕ್ ಎಲ್ಫ್ ಆಗೋಕೆ ಮೈಗೆಲ್ಲ ಕಪ್ಪು ಬಳ್ಕೊಂಡು ಬರತ್ತೆ. ಪಕ್ಕದಲ್ಲಿ ಕೂತ ಕಪ್ಪು ಮಹಿಳೆ ಅದನ್ನ ಅಲ್ಲೇ ಚುಚ್ಚಿ ಮಾತಾಡ್ತಾಳೆ. ತೆಗೆದಿದ್ದು ಅತಿಯಾಯ್ತು ಅಂತ ನನ್ನ ಅಭಿಪ್ರಾಯ. ಆ ಜೋಕೇ ನಾವೀಗ ಕೇಳ್ತಿರೋ ಪ್ರಶ್ನೆಯನ್ನ ಕೇಳಿತ್ತು.

ಕೊನೆಗೆ ಮತ್ತೆ ಗೇಮ್‌ಗೆ ಬರೋಣ. 2022ರ 'ರ್ಯಾಗ್ನರಾಕ್'ನಲ್ಲಿ ಕ್ರೇಟೋಸ್ ಸ್ವಾರ್ಟಾಲ್ಫ್‌ಹೈಮ್‌ಗೆ ಹೋಗ್ತಾನೆ. ಹೆಸರು ಕಪ್ಪು ಎಲ್ಫ್‌ಗಳ ಲೋಕ, ಆದ್ರೆ ದೋಣಿ ದಡ ಮುಟ್ಟಿದಾಗ ಅಲ್ಲಿರೋದು ಡ್ವಾರ್ಫ್‌ಗಳ ಊರು. ಸ್ನೋರಿ ಬರೆದಿದ್ದ ಹಾಗೇ.