ಚುಕ್ಕೆಯಷ್ಟು ಹಕ್ಕಿ

ನಮ್ಮ ಬೀರುವಿನಲ್ಲಿ ಬಿಸ್ಕತ್ತಿನ ಹಳೇ ತಗಡಿನ ಡಬ್ಬಿಯೊಂದಿದೆ. ಅದರ ತುಂಬ ಅಂಗೈಗಿಂತ ಚಿಕ್ಕ ಕಪ್ಪು-ಬಿಳುಪು ಫೋಟೋಗಳು. ಎಲ್ಲವೂ ಲಾಲ್‌ಬಾಗಿನವು; ಬಹುಪಾಲು ನವರಾತ್ರಿಗೂ ದೀಪಾವಳಿಗೂ ನಡುವೆ ತೆಗೆದವು. ಒಂದರ ಬೆನ್ನಿಗೆ ನನ್ನ ಅಕ್ಷರದಲ್ಲಿ ‘ಹಾಲಕ್ಕಿ, ಅಕ್ಟೋಬರ್ 1976’ ಎಂದಿದೆ. ತಿರುಗಿಸಿದರೆ ಹಾಲಕ್ಕಿ ಕಾಣುವುದಿಲ್ಲ. ದೊಡ್ಡದೊಂದು ಮಾವಿನ ಮರ, ಅದರಾಚೆ ಬಂಡೆಯ ಏರು, ಮೇಲೆ ಕೆಂಪೇಗೌಡರ ಗೋಪುರ. ಭೂತಗನ್ನಡಿ ಹಿಡಿದರೆ ಮಾತ್ರ ಪೊಟರೆಯ ಬಾಯಲ್ಲಿ ಒಂದು ಬೂದು ಚುಕ್ಕೆ.

ಆಗ ನನ್ನಲ್ಲಿದ್ದದ್ದು ಅಗ್ಫಾ ಕ್ಲಿಕ್ 3, ಬರೋಡದಲ್ಲಿ ತಯಾರಾಗುತ್ತಿದ್ದ ಪೆಟ್ಟಿಗೆ ಕ್ಯಾಮೆರಾ. 120ರ ರೋಲು ಹಾಕಿದರೆ 12 ಚಿತ್ರ. ದೂರದ್ದನ್ನು ಹತ್ತಿರಕ್ಕೆ ತರುವ ಯಾವ ಉಪಾಯವೂ ಅದರಲ್ಲಿರಲಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಕಾಲ್ ಜೋಡಿಸುವ ಕೆಲಸ ನನ್ನದು. ರಾತ್ರಿ ಪಾಳಿ ಮುಗಿಸಿ, ಹೆಗಲಿಗೆ ಕ್ಯಾಮೆರಾ ಹಾಕಿಕೊಂಡು ನೇರ ಲಾಲ್‌ಬಾಗಿಗೆ ಬರುತ್ತಿದ್ದೆ. ಇಡೀ ರಾತ್ರಿ ಊರೂರಿನ ದನಿ ಕೇಳಿದ ಕಿವಿಗೆ ಕುಟ್ರುಹಕ್ಕಿಯ ಕುಟುರ್ ಕುಟುರ್ ಎಷ್ಟು ಹಿತವಾಗಿತ್ತೆಂದರೆ, ಮನೆಗೆ ಹೋಗಿ ಮಲಗುವುದೇ ಮರೆತುಹೋಗುತ್ತಿತ್ತು.

ನಮ್ಮೂರಿನ ಶರತ್ಕಾಲದಲ್ಲಿ ಎಲೆ ಕೆಂಪಾಗುವುದೂ ಇಲ್ಲ, ಮರ ಬೋಳಾಗುವುದೂ ಇಲ್ಲ. ಹಸ್ತದ ಮಳೆ ಮುಗಿದು ಚಿತ್ತೆ ಹಿಡಿಯುವ ಹೊತ್ತಿಗೆ ಆಕಾಶಮಲ್ಲಿಗೆ ನೆಲದ ಮೇಲೆ ಬೆಳ್ಳಗೆ ಉದುರುತ್ತದೆ, ಬೆಳಗಿನ ಬಿಸಿಲಿಗೆ ಜೇನಿನ ಬಣ್ಣ ಬರುತ್ತದೆ. ಕೆರೆಯ ಕಲ್ಲಿನ ಮೇಲೆ ಬೂದು ಕುಂಡೆಕುಸ್ಕ ಬಾಲ ಕುಣಿಸುತ್ತ ಓಡಾಡುತ್ತದೆ. ಬೇಸಿಗೆಯನ್ನು ಹಿಮಾಲಯದ ತೊರೆಗಳ ಬಳಿ ಕಳೆದ ಹಕ್ಕಿ ಅದು. ಅದು ಬಂತೆಂದರೆ ನನಗೆ ಶರತ್ತು ಬಂದಂತೆ.

ಡಬ್ಬಿಯ ಫೋಟೋಗಳನ್ನು ಈಗ ಮತ್ತೆ ಮತ್ತೆ ನೋಡುತ್ತಿದ್ದೇನೆ. ಹಕ್ಕಿಗಾಗಿ ತೆಗೆದ ಚಿತ್ರಗಳಲ್ಲಿ ಉಳಿದಿರುವುದು ತೋಟ. ಆ ತೋಟವನ್ನು ಯಾರು ಯಾರಿಗಾಗಿ ಮಾಡಿದರು ಎಂಬ ಪ್ರಶ್ನೆ ನನ್ನನ್ನು ಹಿಡಿದುಕೊಂಡದ್ದು ಹಾಗೆ.

1760ರಲ್ಲಿ ಹೈದರ್ ಅಲಿ ಇದನ್ನು ಶುರುಮಾಡಿದಾಗ ಸುಮಾರು 40 ಎಕರೆಯ ಅರಸು ತೋಟ. ಟಿಪ್ಪು ದೂರದ ದೇಶಗಳಿಂದ ಸಸಿ, ಬೀಜ ತರಿಸಿದ. 1799ರ ನಂತರ ಕಂಪನಿಯವರ ಕೈಗೆ ಬಂತು. 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು, ಎರಡು ವರ್ಷದ ಮೇಲೆ, ಲಂಡನ್ನಿನ ಕ್ಯೂ ತೋಟದಲ್ಲಿ ಪಳಗಿದ ವಿಲಿಯಂ ನ್ಯೂ ಅದರ ಮೇಲ್ವಿಚಾರಕನಾಗಿ ಬಂದ. ಯಾವ ಗಿಡ ಈ ಮಣ್ಣಿಗೆ ಒಗ್ಗೀತು, ಯಾವುದರಿಂದ ಆದಾಯ ಬಂದೀತು ಎಂಬುದೇ ಆಗಿನವರ ಲೆಕ್ಕ.

1874ರಿಂದ 1908ರವರೆಗೆ ಇದ್ದ ಜಾನ್ ಕ್ಯಾಮೆರಾನ್ ಕಾಲದಲ್ಲಿ ತೋಟ ಬಹಳ ಹಿಗ್ಗಿತು. ನಮ್ಮ ಸಾಗು-ಪಲ್ಯಗಳಿಗೆ ಬೀಳುವ ಸೀಮೆಬದನೆಯನ್ನು ಇಲ್ಲಿ ನೆಲೆಗೊಳಿಸಿದ ಹೆಸರು ಅವನದೇ. ಗಾಜಿನಮನೆಗೆ 1889ರ ನವೆಂಬರಿನಲ್ಲಿ ಇಂಗ್ಲೆಂಡಿನ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಡಿಗಲ್ಲು ಹಾಕಿದ. ಹುಲಿಯನ್ನೂ ಸಾಕಿದ್ದ ಚಿಕ್ಕ ಮೃಗಾಲಯವೊಂದು ಒಂದು ಕಾಲಕ್ಕೆ ಇಲ್ಲೇ ಇತ್ತು. ಈಗ ಪಾರಿವಾಳದ ಗೂಡಿನ ಕಟ್ಟಡ ನಿಂತಿದೆ. ಹಕ್ಕಿಗೆಂದೇ ಮನುಷ್ಯ ಇಲ್ಲಿ ಕಟ್ಟಿದ್ದು ನಾನು ಬಲ್ಲಂತೆ ಅದೊಂದೇ.

ಕ್ಯಾಮೆರಾನ್ ನಂತರ ಬಂದ ಕ್ರುಂಬಿಗಲ್ ಬಗ್ಗೆ ನನಗೆ ಬೇರೆಯದೇ ಪ್ರೀತಿ. ಜರ್ಮನಿಯಲ್ಲಿ ಹುಟ್ಟಿ, ಕ್ಯೂನಲ್ಲಿ ಕಲಿತು, ಬರೋಡದಲ್ಲಿ ದುಡಿದು, 1908ರಿಂದ 1932ರವರೆಗೆ ಲಾಲ್‌ಬಾಗು ನೋಡಿಕೊಂಡ ಮನುಷ್ಯ. ಒಂದು ಬೀದಿಯ ಹೂವು ಮುಗಿಯುವ ಹೊತ್ತಿಗೆ ಇನ್ನೊಂದು ಬೀದಿಯ ಮರ ಅರಳಬೇಕು ಎಂದು ಬೆಂಗಳೂರಿನ ಸಾಲುಮರಗಳನ್ನು ಋತುವಿಗೆ ತಕ್ಕಂತೆ ಜೋಡಿಸಿದ. ಅವನ ಎಣಿಕೆ ಮನುಷ್ಯರ ಕಣ್ಣಿಗೆ ಹಬ್ಬ ಮಾಡುವುದು. ಆದರೆ ವರ್ಷವಿಡೀ ಎಲ್ಲೋ ಒಂದು ಕಡೆ ಹೂವಿದ್ದರೆ ಸೂರಕ್ಕಿಗೆ ವರ್ಷವಿಡೀ ಊಟ. 1956ರಲ್ಲಿ ಅವನು ಇದೇ ಊರಿನಲ್ಲಿ ತೀರಿಕೊಂಡ.

ಹಾಗೆ ನೋಡಿದರೆ ಹಾಲಕ್ಕಿಗೆ ಮನೆ ಕೊಟ್ಟದ್ದು ಇವರಲ್ಲಿ ಯಾರ ಯೋಜನೆಯೂ ಅಲ್ಲ, ಮರಗಳ ಮುಪ್ಪು. ಕೊಂಬೆ ಮುರಿದ ಜಾಗದಲ್ಲಿ ನೀರಿಳಿದು, ತಿರುಳು ಕೊಳೆತು, ಗಿಣಿಯೋ ಕುಟ್ರುಹಕ್ಕಿಯೋ ಕೊಕ್ಕಾಡಿಸಿ ಪೊಟರೆಯಾಗಲು ಎಷ್ಟೋ ವರ್ಷ ಬೇಕು. ಯಾವ ಬಜೆಟ್ಟಿನಲ್ಲೂ ಅದನ್ನು ನೆಡಲಾಗದು. ಬುಡುಬುಡಿಕೆಯವರು ಮನೆ ಬಾಗಿಲಲ್ಲಿ ನಿಂತು ‘ಹಾಲಕ್ಕಿ ನುಡಿತೈತೆ’ ಎಂದು ಭವಿಷ್ಯ ಹೇಳುವುದನ್ನು ಕೇಳಿ ಬೆಳೆದವನು ನಾನು. ಆ ಪುಟ್ಟ ಗೂಬೆಯನ್ನು ಹಗಲಲ್ಲೇ, ಗುಂಡು ಮುಖ ಹೊರಗಿಟ್ಟು ನನ್ನನ್ನೇ ನೋಡುತ್ತಿದ್ದಾಗ ಮೊದಲ ಬಾರಿ ಕಂಡದ್ದು ಆ ಮಾವಿನಲ್ಲಿ.

ಇಂಥ ಹುಚ್ಚಿನಲ್ಲಿ ನಾನೊಬ್ಬನೇ ಇರಲಿಲ್ಲ. 1970ರ ದಶಕದಲ್ಲಿ ಡಾ. ಜೋಸೆಫ್ ಜಾರ್ಜ್ ಮತ್ತು ಅವರ ಗೆಳೆಯರು ಕಟ್ಟಿದ ಪಕ್ಷಿವೀಕ್ಷಕರ ಬಳಗ ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ ಲಾಲ್‌ಬಾಗಿನಲ್ಲಿ ಸೇರುತ್ತಿತ್ತು. ಒ.ಸಿ. ಎಡ್ವರ್ಡ್ಸ್, ಅವರಿಂದ ಕಲಿತ ಟಿ.ಎನ್.ಎ. ಪೆರುಮಾಳ್ ಅವರಿಂದ ಬೆಂಗಳೂರು ವನ್ಯಜೀವಿ ಛಾಯಾಗ್ರಹಣಕ್ಕೆ ಹೆಸರಾಗಿತ್ತು. ನನಗೆ ಬಹಳ ದಿನ ಹಕ್ಕಿಗಳ ಇಂಗ್ಲಿಷ್ ಹೆಸರು ಮಾತ್ರ ಗೊತ್ತಿತ್ತು. ಕನ್ನಡದಲ್ಲಿ ಗುರುತಿಸುವ ಧೈರ್ಯ ಬಂದದ್ದು ಪೂರ್ಣಚಂದ್ರ ತೇಜಸ್ವಿಯವರ ಹಕ್ಕಿ ಪುಸ್ತಕ ಕೈಗೆ ಸಿಕ್ಕಮೇಲೆ.

ನವರಂಗವನ್ನು ಆ ಹೆಸರಿನಿಂದಲೇ ಕರೆಯಬೇಕು. ಮಧ್ಯ ಭಾರತ, ಹಿಮಾಲಯದ ತಪ್ಪಲುಗಳಲ್ಲಿ ಮರಿಮಾಡಿ, ಚಳಿಗಾಲಕ್ಕೆ ದಕ್ಷಿಣಕ್ಕೆ ಇಳಿಯುವ ಹಕ್ಕಿ. ರಾತ್ರಿ ಹಾರಿ, ಬೆಳಗಾಗುವಾಗ ದಣಿದು, ಕೆಳಗೆ ಕಂಡ ಹಸಿರಿಗೆ ಇಳಿಯುತ್ತದೆ. ಅಕ್ಟೋಬರಿನ ಒಂದು ಬೆಳಿಗ್ಗೆ ಬಿದಿರುಮೆಳೆಯ ಬುಡದಲ್ಲಿ ತರಗೆಲೆ ಸರಿದ ಸದ್ದಾಯಿತು. ಕೂತೆ. ಗಿಡ್ಡ ಬಾಲದ, ಗುಂಡಗಿನ ಹಕ್ಕಿ ಎರಡು ಹಾರು ಕುಪ್ಪಳಿಸಿ ನಿಂತು, ಕೊಕ್ಕಿನಿಂದ ಎಲೆಯೊಂದನ್ನು ಎತ್ತಿ ಪಕ್ಕಕ್ಕೆ ಎಸೆಯಿತು. ಬೆನ್ನು ಹಸಿರು, ಕಣ್ಣಿಗೆ ಕಪ್ಪು ಪಟ್ಟಿ, ರೆಕ್ಕೆಯ ಹೆಗಲಲ್ಲಿ ಮಿರುಗುವ ನೀಲಿ, ಹೊಟ್ಟೆಯಡಿ ಕುಂಕುಮದ ಕೆಂಪು. ಕ್ಯಾಮೆರಾದಲ್ಲಿದ್ದದ್ದು ಕೊನೆಯ ಒಂದು ಚಿತ್ರ, ಅದೂ ಕಪ್ಪು-ಬಿಳುಪು. ಒತ್ತಿದೆ. ಡಬ್ಬಿಯಲ್ಲಿರುವ ಆ ಫೋಟೋದಲ್ಲಿ ಬಿದಿರಿನ ನೆರಳು ಚೆಂದ ಬಂದಿದೆ. ನವರಂಗ ಒಂದು ಕಲ್ಲಿನಂತಿದೆ. ಬಣ್ಣಗಳೆಲ್ಲ ನನ್ನ ಕಣ್ಣಲ್ಲೇ ಉಳಿದಿವೆ.

ಹಾಲಕ್ಕಿಯ ಮಾವು ಈಗಲೂ ಇದೆ. ಪೊಟರೆಯಿದ್ದ ಕೊಂಬೆ ಇಲ್ಲ. ಕೆಲವು ವರ್ಷಗಳ ಹಿಂದೆ ದಾರಿಹೋಕರ ಮೇಲೆ ಬಿದ್ದೀತೆಂದು ಪೊಟರೆ ಸಮೇತ ಕೊಯ್ದರು. ಭಯ ಸುಳ್ಳಲ್ಲ. ಆದರೂ ಸಂಜೆ ಹೊತ್ತು ಕೊಯ್ದ ಬೊಡ್ಡೆಯ ಮೇಲೆ ಎರಡು ಹಾಲಕ್ಕಿ ಕೂತು ತಲೆ ಮೇಲೆ ಕೆಳಗೆ ಆಡಿಸುತ್ತಿದ್ದುದನ್ನು ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ. ಕೊಂಬೆಯ ಹತ್ತಡಿ ಮೋಟು ಉಳಿಸಿ, ಮರದ ಬುಡಕ್ಕೊಂದು ಬೇಲಿ ಹಾಕಿದ್ದರೆ ಸಾಕಿತ್ತು.

ಈ ಸಲ ಆಯುಧಪೂಜೆಯ ಮರುದಿನ ಮೊಮ್ಮಗಳನ್ನು ಕರೆದುಕೊಂಡು ಹೋಗಿದ್ದೆ. ಅವಳ ಕ್ಯಾಮೆರಾ ಹಕ್ಕಿಯ ಕಣ್ಣಿನ ಹೊಳಪನ್ನೂ ಹಿಡಿಯುತ್ತದೆ. ಕೆರೆದಂಡೆಯ ಮರದ ಪೊಟರೆಯಲ್ಲಿ ಹಾಲಕ್ಕಿ ಸಿಕ್ಕಿತು. ಅವಳು ತೆಗೆದ ಚಿತ್ರದ ತುಂಬ ಹಳದಿ ಕಣ್ಣು, ಬಿಳಿ ಹುಬ್ಬು. ಸುತ್ತ ಬರೀ ಹಸಿರು ಮಬ್ಬು. ‘ಚೆನ್ನಾಗಿದೆಯಾ ತಾತ?’ ಎಂದಳು. ‘ತುಂಬ ಚೆನ್ನಾಗಿದೆ ಪುಟ್ಟಿ. ಇನ್ನೊಂದು ತೆಗಿ. ಹತ್ತು ಹೆಜ್ಜೆ ಹಿಂದೆ ಬಾ, ಮರವೂ ಬರಲಿ’ ಎಂದೆ. ಅವಳು ಎಣಿಸಿಕೊಂಡು ಹಿಂದೆ ಬಂದಳು. ಮರ ಬಂತು, ಕೆರೆ ಬಂತು, ಕಲ್ಲಿನ ಮೇಲಿದ್ದ ಕುಂಡೆಕುಸ್ಕವೂ ಬಂತು.